ಸೈರನ್ ಕೇಳಿಸಿದಾಗ ದಾರಿ ಯಾರದು?

2019ರ ಎಪ್ರಿಲ್ 16ರಂದು ಮಂಗಳೂರಿನ ಆಸ್ಪತ್ರೆಯಿಂದ ಹೊರಟ ಆಂಬುಲೆನ್ಸೊಂದು ಸುಮಾರು ನಾನ್ನೂರು ಕಿಲೋಮೀಟರು ದೂರದ ಕೊಚ್ಚಿಯನ್ನು ಐದೂವರೆ ಗಂಟೆಗಳಲ್ಲಿ ತಲಪಿತು. ಒಳಗಿದ್ದುದು ಹೃದಯದ ತೊಂದರೆಯಿದ್ದ, ಹುಟ್ಟಿ ಹದಿನೈದು ದಿನವಷ್ಟೇ ಆಗಿದ್ದ ಕಾಸರಗೋಡಿನ ಹಸುಳೆ. ತಿರುವನಂತಪುರಕ್ಕೆಂದು ಹೊರಟ ವಾಹನವನ್ನು ಅಂದಿನ ಆರೋಗ್ಯ ಸಚಿವೆ ಕೆ.ಕೆ. ಶೈಲಜಾ ಮಧ್ಯೆ ಪ್ರವೇಶಿಸಿ ಕೊಚ್ಚಿಗೆ ತಿರುಗಿಸಿದರು. ಪೊಲೀಸರೂ ಊರೂರಿನ ಯುವಕರೂ ರಸ್ತೆಗಿಳಿದು ದಾರಿ ಬಿಡಿಸಿದರು. ಮನಸ್ಸು ಮಾಡಿದರೆ ನಮ್ಮ ಜನ ಏನು ಮಾಡಬಲ್ಲರೆಂಬುದು ಅಂದು ಕಂಡುಬಂತು.

ಆದರೆ ಮುಂಚಿತವಾಗಿ ಸುದ್ದಿಯಿಲ್ಲದೆ ಬರುವ ಆಂಬುಲೆನ್ಸಿನ ಗತಿಯೇನು? ಎದೆನೋವಿನ ರೋಗಿಯನ್ನು ಹೊತ್ತು ಕುಂಬಳೆಯಿಂದಲೋ ಉಪ್ಪಳದಿಂದಲೋ ಅದು ಉತ್ತರಕ್ಕೆ ಧಾವಿಸುವಾಗ, ಮುಂದಿನ ಬಸ್ಸಿನವನಿಗೆ ತನ್ನ ಸಮಯದ್ದೇ ಚಿಂತೆ. ಕಿಟಕಿಯ ಗಾಜು ಏರಿಸಿ ಹಾಡು ಹಾಕಿಕೊಂಡ ಕಾರಿನವನಿಗೆ ಸದ್ದು ಕೇಳುವುದೇ ಇಲ್ಲ. ಕೆಲವರು ಪಕ್ಕಕ್ಕೆ ಸರಿಯುತ್ತಾರೆ, ಮರುಕ್ಷಣವೇ ಆಂಬುಲೆನ್ಸಿನ ಬಾಲ ಹಿಡಿದು ಅದರ ವೇಗದಲ್ಲೇ ಓಡುತ್ತಾರೆ! ಮಂತ್ರಿಯ ಕಾರಿಗೆ ಪೊಲೀಸನು ಕೈ ತೋರಿಸಿದರೆ ಸಾಕು, ಸರಿಯುವುದು ನಮಗೆ ಚೆನ್ನಾಗಿಯೇ ಗೊತ್ತು.

ಹೃದಯ ಬಡಿತ ನಿಂತವನಿಗೆ ನೆರವು ಸಿಗದೆ ಹೋದ ಪ್ರತಿ ನಿಮಿಷಕ್ಕೂ ಬದುಕುಳಿಯುವ ಸಾಧ್ಯತೆ ನೂರಕ್ಕೆ ಏಳರಿಂದ ಹತ್ತರಷ್ಟು ಇಳಿಯುತ್ತದೆಂದು ವೈದ್ಯರು ಹೇಳುತ್ತಾರೆ. ಮಿದುಳಿನ ರಕ್ತನಾಳ ಕಟ್ಟಿಕೊಂಡಾಗ ಹೆಪ್ಪು ಕರಗಿಸುವ ಮದ್ದು ಕೊಡಲು ಇರುವ ಅವಧಿ ನಾಲ್ಕೂವರೆ ಗಂಟೆ ಮಾತ್ರ.

ಬೇರೆ ಜಿಲ್ಲೆಯವರಿಗಿಂತ ನಮಗೆ ಇದು ಹೆಚ್ಚು ಅನ್ವಯಿಸುವುದಕ್ಕೆ ಕಾರಣವಿದೆ. ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿಗೆ 2013ರಲ್ಲಿ ಶಂಕುಸ್ಥಾಪನೆಯಾದರೂ, ಗಂಭೀರ ಸ್ಥಿತಿಯ ರೋಗಿಯೆಂದರೆ ಇಂದಿಗೂ ಮಂಗಳೂರಿನ ಕಡೆಗೇ ಮುಖ. ನಗರದಿಂದ ಐವತ್ತು ಕಿಲೋಮೀಟರು, ನಡುವೆ ಒಂದು ರಾಜ್ಯದ ಗಡಿ. 2020ರ ಮಾರ್ಚಿನಲ್ಲಿ ಕರ್ನಾಟಕವು ತಲಪಾಡಿಯಲ್ಲಿ ದಾರಿ ಮುಚ್ಚಿದಾಗ ರೋಗಿಗಳು ಗಡಿಯಿಂದಲೇ ಮರಳಿದ್ದನ್ನು ಮರೆತವರುಂಟೇ? ಚಿಕಿತ್ಸೆ ಸಿಗದೆ ಸಾವುಗಳು ಸಂಭವಿಸಿದವೆಂದು ಕೇರಳ ಸರಕಾರ ದೂರಿತು, ಎಪ್ರಿಲ್ 1ರಂದು ಕೇರಳ ಹೈಕೋರ್ಟು ತಡೆ ತೆರವಿಗೆ ಆದೇಶಿಸಿತು, ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅಂದು ದಾರಿ ಕೊಡದವರ ಮೇಲೆ ನಾವೆಲ್ಲ ಕೆಂಡ ಕಾರಿದೆವು. ನಮ್ಮದೇ ಪೇಟೆಯಲ್ಲಿ ಅಡ್ಡ ನಿಲ್ಲುವವರ ಬಗ್ಗೆ ಮಾತ್ರ ನಮ್ಮದು ಮೌನ.

ಕಾನೂನು ಇಲ್ಲದಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ 194ಇ ವಿಧಿಯಂತೆ, ಅಗ್ನಿಶಾಮಕ ವಾಹನಕ್ಕೋ ಆಂಬುಲೆನ್ಸಿಗೋ ದಾರಿ ಬಿಡದವನಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೇ ಹತ್ತು ಸಾವಿರ ರೂಪಾಯಿ ದಂಡ, ಅಥವಾ ಎರಡೂ. ಆದರೆ ಓಡುವ ಆಂಬುಲೆನ್ಸಿನ ಚಾಲಕ ನಿಂತು ದೂರು ಬರೆಸಿಕೊಡಲು ಸಾಧ್ಯವೇ?

ರೋಗಿಯಿಲ್ಲದಾಗಲೂ ಸೈರನ್ ಮೊಳಗಿಸುವ ಚಾಲಕರಿದ್ದಾರೆಂಬ ದೂರೂ ಇದೆ. ಅದನ್ನು ತಡೆಯಬೇಕಾದವರು ಅಧಿಕಾರಿಗಳು; ಒಳಗೆ ಯಾರಿದ್ದಾರೆಂದು ಹೊರಗಿನಿಂದ ತೀರ್ಮಾನಿಸಲು ನಮಗಾಗದು. ಸೈರನ್ ಕೇಳಿಸಿದೊಡನೆ ಗಾಬರಿಯಿಂದ ರಸ್ತೆಯ ನಡುವೆ ಬ್ರೇಕು ಒತ್ತದೆ, ಎಡದ ದೀಪ ಹಾಕಿ, ವೇಗ ತಗ್ಗಿಸಿ, ಎಡಬದಿಗೆ ಸರಿದು ನಿಂತರಾಯಿತು.

ಹೆದ್ದಾರಿ ಆರು ಪಥವಾದರೂ ಪೇಟೆಯ ರೋಗಿ ಅದನ್ನು ಏರಬೇಕಾದುದು ಸರ್ವೀಸ್ ರಸ್ತೆಯ ಮೂಲಕವೇ. ಅಲ್ಲಿ ಎಡಕ್ಕೆ ಸರಿಯೋಣವೆಂದರೆ ಅಂಗಡಿಗಳ ಮುಂದೆ ಸ್ಕೂಟರುಗಳ ಸಾಲು. ಅವನ್ನು ಎತ್ತಿಸುವ ಕೆಲಸಕ್ಕೆ ಪಂಚಾಯತು, ನಗರಸಭೆ, ಪೊಲೀಸರು ನಾಳೆಯೇ ಕೈಹಾಕಬಹುದು.