ಎಂಜಿನ್ ಕಟಕಟ ಎನ್ನುವುದೇಕೆ?

ಕಾರಿನ ತುಂಬ ಜನ, ಮೇಲೆ ಸಾಮಾನು, ಎದುರಿಗೆ ಘಾಟಿಯ ಏರು. ಗೇರ್ ಬದಲಿಸಲು ಮನಸ್ಸಿಲ್ಲದ ಚಾಲಕ ಆಕ್ಸಿಲರೇಟರನ್ನೇ ಒತ್ತುತ್ತಾನೆ. ಆಗ ಬಾನೆಟ್ಟಿನ ಕೆಳಗಿನಿಂದ, ತಗಡಿನ ಡಬ್ಬಿಯಲ್ಲಿ ಗೋಲಿ ಹಾಕಿ ಕುಲುಕಿದಂಥ ಸದ್ದು ಬರುತ್ತದೆ. ಹಳೆಯ ಕಾರುಗಳಲ್ಲಿ ಓಡಾಡಿದವರಿಗೆ ಇದು ಚೆನ್ನಾಗಿ ಗೊತ್ತು. ಮೆಕ್ಯಾನಿಕ್‌ಗಳು ಇದನ್ನು ‘ನಾಕಿಂಗ್’ ಎನ್ನುತ್ತಾರೆ. ಯಾವುದೋ ಬೋಲ್ಟು ಸಡಿಲವಾಗಿರಬೇಕೆಂದು ಹಲವರು ಭಾವಿಸುವುದುಂಟು. ಆದರೆ ಸದ್ದಿನ ಮೂಲ ಬೋಲ್ಟಲ್ಲ, ಪೆಟ್ರೋಲು ಉರಿಯುವ ರೀತಿ.

ಸಿಲಿಂಡರಿನೊಳಗೆ ನಡೆಯುವುದು ಸ್ಫೋಟ ಎಂದು ನಾವು ಮಾತಿಗೆ ಹೇಳುತ್ತೇವೆ. ಅದು ಸ್ಫೋಟವಾಗಬಾರದು! ಪಿಸ್ಟನ್ ಮೇಲೇರಿ ಪೆಟ್ರೋಲ್ ಆವಿ ಮತ್ತು ಗಾಳಿಯ ಮಿಶ್ರಣವನ್ನು ಅದುಮುತ್ತದೆ. ಅದು ತುತ್ತತುದಿ ಮುಟ್ಟುವ ಸ್ವಲ್ಪ ಮೊದಲೇ ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸುತ್ತದೆ. ಒಣಹುಲ್ಲಿನ ಒಂದು ತುದಿಗೆ ಬೆಂಕಿ ಇಟ್ಟಂತೆ, ಜ್ವಾಲೆ ಅಲ್ಲಿಂದ ಅಂಚಿನವರೆಗೆ ಹರಡಬೇಕು. ಆದರೆ ಮುಂದೆ ಸರಿಯುವ ಜ್ವಾಲೆ ಇನ್ನೂ ಉರಿಯದ ಮೂಲೆಯ ಅನಿಲವನ್ನು ಮತ್ತಷ್ಟು ಒತ್ತಿ ಕಾಯಿಸುತ್ತದೆ. ಶಾಖ ಮಿತಿ ಮೀರಿದರೆ ಆ ಮೂಲೆಯ ಅನಿಲ ಜ್ವಾಲೆಗೆ ಕಾಯದೆ, ಒಮ್ಮೆಗೇ ತಾನಾಗಿ ಹೊತ್ತಿಕೊಳ್ಳುತ್ತದೆ. ಆಗ ಎದ್ದ ಒತ್ತಡದ ಅಲೆಗಳು ಗೋಡೆಗೆ ಬಡಿಯುತ್ತವೆ. ನಮಗೆ ಕೇಳಿಸುವುದು ಅದೇ.

ಸದ್ದಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಜ್ವಾಲೆಯ ಉಷ್ಣತೆ 2000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಪಿಸ್ಟನ್ನಿನ ಅಲ್ಯೂಮಿನಿಯಮ್ ಕರಗುವುದೋ ಸುಮಾರು 660 ಡಿಗ್ರಿಗೆ. ಪಿಸ್ಟನ್ ಉಳಿದುಕೊಳ್ಳುವುದಕ್ಕೆ ಒಂದು ಕಾರಣ, ಲೋಹಕ್ಕೆ ಅಂಟಿಕೊಂಡಿರುವ ಅನಿಲದ ತೆಳ್ಳನೆಯ ಪದರ. ನಾಕಿಂಗ್ ಅಲೆಗಳು ಆ ಪದರವನ್ನೇ ಕೀಳುತ್ತವೆ. ಹೀಗೆಯೇ ಬಹಳ ಹೊತ್ತು ಓಡಿಸಿದರೆ ಪಿಸ್ಟನ್ನಿನ ಅಂಚು ತಿಂದುಹೋಗಬಹುದು, ತೂತೇ ಬೀಳಬಹುದು.

ಹಾಗಾದರೆ ಮಿಶ್ರಣವನ್ನು ಕಡಿಮೆ ಅದುಮಿದರಾಯಿತಲ್ಲ? ಆಯಿತು, ಆದರೆ ನಷ್ಟ ನಮಗೇ. ಅದುಮಿದಷ್ಟೂ ಅದೇ ಪೆಟ್ರೋಲಿನಿಂದ ಹೆಚ್ಚು ಕೆಲಸ ಸಿಗುತ್ತದೆ. ಈ ಅನುಪಾತವನ್ನು 4ರಿಂದ 8ಕ್ಕೆ ಏರಿಸಿದರೆ, ಪುಸ್ತಕದ ಲೆಕ್ಕದಲ್ಲಿ, ಕೆಲಸ ಸುಮಾರು ಮೂರನೇ ಒಂದು ಭಾಗ ಹೆಚ್ಚುತ್ತದೆ. ಪ್ರಸಿದ್ಧ ಫೋರ್ಡ್ ‘ಮಾಡೆಲ್ ಟಿ’ ಕಾರಿನ ಅನುಪಾತ ಬಹುಕಾಲ 4ರ ಆಸುಪಾಸಿನಲ್ಲೇ ಇತ್ತು. ಅಂದಿನ ಕಳಪೆ ಪೆಟ್ರೋಲು ಅದಕ್ಕಿಂತ ಹೆಚ್ಚು ತಡೆಯುತ್ತಿರಲಿಲ್ಲ.

ಈ ಗೋಡೆಯನ್ನು ಒಡೆಯಲು ಹೊರಟವರು ಅಮೆರಿಕದ ಡೇಟನ್ ನಗರದ ಚಾರ್ಲ್ಸ್ ಕೆಟರಿಂಗ್ ಮತ್ತು ಥಾಮಸ್ ಮಿಡ್ಜ್‌ಲಿ. ಇಲ್ಲೊಂದು ತಮಾಷೆಯಿದೆ. ಕೆಂಪು ಬಣ್ಣ ಬೆರೆತ ಇಂಧನ ಶಾಖವನ್ನು ಬೇಗ ಹೀರಿ ಸರಿಯಾಗಿ ಉರಿದೀತು ಎಂದು ಅವರು ಊಹಿಸಿದರು. 1916ರಲ್ಲಿ ಮಿಡ್ಜ್‌ಲಿ ಕೈಗೆ ಕೆಂಪು ಬಣ್ಣ ಸಿಗದೆ ಅಯೋಡಿನ್ ಬೆರೆಸಿದ. ನಾಕಿಂಗ್ ತಗ್ಗಿತು! ಬೇರೆ ಕೆಂಪು ಬಣ್ಣಗಳನ್ನು ಹಾಕಿ ನೋಡಿದರೆ ಏನೂ ಆಗಲಿಲ್ಲ. ಊಹೆ ತಪ್ಪು, ಫಲ ಸರಿ. ವರ್ಷಗಟ್ಟಲೆ ಒಂದೊಂದೇ ರಾಸಾಯನಿಕ ಪರೀಕ್ಷಿಸಿ, 1921ರ ಡಿಸೆಂಬರ್ 9ರಂದು ಟೆಟ್ರಾಈಥೈಲ್ ಸೀಸ ಎಂಬ ದ್ರವಕ್ಕೆ ಬಂದು ನಿಂತರು. ಲೀಟರ್ ಪೆಟ್ರೋಲಿಗೆ ಒಂದು ಮಿಲಿಲೀಟರಿಗಿಂತ ಕಡಿಮೆ ಸಾಕಾಗಿತ್ತು.

ಸೀಸ ವಿಷವೆಂಬುದು ಆಗಲೂ ಗೊತ್ತಿತ್ತು. ಆಲ್ಕೊಹಾಲ್ ಬೆರೆಸಿದರೂ ನಾಕಿಂಗ್ ತಗ್ಗುತ್ತದೆಂಬುದೂ ಗೊತ್ತಿತ್ತು. ಆದರೆ ಅದನ್ನು ಬಹಳ ಬೆರೆಸಬೇಕು, ಸೀಸವಾದರೆ ಚಿಟಿಕೆ ಸಾಕು, ಲಾಭವೂ ಹೆಚ್ಚು. 1924ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಬೇವೇ ಸ್ಥಾವರದಲ್ಲಿ ಐವರು ಕೆಲಸಗಾರರು ಈ ದ್ರವದ ವಿಷದಿಂದ, ಬುದ್ಧಿಭ್ರಮಣೆಗೊಳಗಾಗಿ ಸತ್ತರು. ಅದೇ ತಿಂಗಳು ಮಿಡ್ಜ್‌ಲಿ ಪತ್ರಕರ್ತರೆದುರು ಅದರಲ್ಲಿ ಕೈ ತೊಳೆದು, ಮೂಸಿ ತೋರಿಸಿದ. ಹಿಂದಿನ ವರ್ಷ ಸೀಸದ ವಿಷವೇರಿ ರಜೆ ಹಾಕಿದ್ದವನೂ ಅವನೇ. ಕಾರುಗಳು ಉಗುಳಿದ ಸೀಸ ದಶಕಗಳ ಕಾಲ ಬೀದಿಯ ಧೂಳಿಗೆ, ಅಲ್ಲಿಂದ ಮಕ್ಕಳ ರಕ್ತಕ್ಕೆ ಸೇರಿತು. ಬೆಳೆಯುವ ಮೆದುಳಿಗೆ ಅದು ಹಾನಿಕರ. ಭಾರತದಲ್ಲಿ ಸೀಸವಿಲ್ಲದ ಪೆಟ್ರೋಲು ಎಲ್ಲೆಡೆ ಬಂದದ್ದು 2000ದ ಫೆಬ್ರುವರಿಯಲ್ಲಿ. ಕಾರುಗಳಿಗೆ ಸೀಸದ ಪೆಟ್ರೋಲು ಮಾರುತ್ತಿದ್ದ ಕೊನೆಯ ದೇಶ ಅಲ್ಜೀರಿಯಾ ಅದನ್ನು ನಿಲ್ಲಿಸಿದ್ದು 2021ರಲ್ಲಿ. ಈಗ ಆಲ್ಕೊಹಾಲೇ, ಎಥೆನಾಲ್ ಹೆಸರಿನಲ್ಲಿ, ಮರಳಿ ಬಂದಿದೆ. ಅದಕ್ಕೂ ಬೆಲೆಯುಂಟು: ಲೀಟರ್ ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಶಕ್ತಿ.

ಇಂದಿನ ಕಾರುಗಳಲ್ಲಿ ನಾಕಿಂಗ್ ಕಿವಿಗೆ ಬೀಳುವುದೇ ಅಪರೂಪ. ಎಂಜಿನ್ನಿಗೆ ಬಿಗಿದ ಪುಟ್ಟ ಸೆನ್ಸರ್ ಅದನ್ನು ಮೊದಲೇ ಕೇಳಿಸಿಕೊಳ್ಳುತ್ತದೆ, ಕಂಪ್ಯೂಟರ್ ಕಿಡಿಯನ್ನು ತುಸು ತಡಮಾಡುತ್ತದೆ. ಸದ್ದು ನಿಲ್ಲುತ್ತದೆ, ಜೊತೆಗೆ ಶಕ್ತಿಯೂ ಕೊಂಚ ಇಳಿಯುತ್ತದೆ. ಕಾರಿನ ‘ಟ್ಯೂನಿಂಗ್’ ಮಾಡಿಸುವ ಹುಡುಗರ ಕಣ್ಣು ಈ ಅಂತರದ ಮೇಲೆಯೇ. ಕಿಡಿಯನ್ನು ಬೇಗ ಹಾರಿಸಿ, ಟರ್ಬೊ ಇದ್ದರೆ ಅದರ ಒತ್ತಡ ಏರಿಸಿದರೆ ಕಾರು ಚುರುಕಾಗುವುದು ನಿಜ. ಆದರೆ ಆ ಅಂತರವನ್ನು ತಯಾರಕರು ಮರೆತು ಬಿಟ್ಟದ್ದಲ್ಲ. ಅದು ಸುಡುಬಿಸಿಲಿಗೆ, ಕೆಟ್ಟ ಪೆಟ್ರೋಲಿಗೆ, ತುಂಬಿದ ಕಾರು ಏರು ಹತ್ತುವ ದಿನಕ್ಕೆ ಎಂದು ಇಟ್ಟದ್ದು.

ದುಬಾರಿ ಪೆಟ್ರೋಲಿನ ಮಾತೂ ಅಷ್ಟೆ. ಅದರ ಹೆಚ್ಚಿನ ಆಕ್ಟೇನ್ ಸಂಖ್ಯೆ ಹೇಳುವುದು ನಾಕಿಂಗನ್ನು ಎಷ್ಟು ತಡೆದೀತು ಎಂಬುದನ್ನು, ಒಳಗಿರುವ ಶಕ್ತಿಯನ್ನಲ್ಲ. 91ರಲ್ಲಿ ನೆಮ್ಮದಿಯಿಂದ ಓಡುವಂತೆ ಮಾಡಿದ ಎಂಜಿನ್ನಿಗೆ 95 ಕುಡಿಸಿದರೆ ಖರ್ಚಷ್ಟೇ ಹೆಚ್ಚು.

ಇನ್ನು ಘಾಟಿಯಲ್ಲಿ ಕಟಕಟ ಎನ್ನುತ್ತಿರುವ ಆ ಹಳೆಯ ಕಾರು. ಚಾಲಕ ಆಕ್ಸಿಲರೇಟರಿನಿಂದ ಕಾಲು ಸಡಿಲಿಸಿ ಒಂದು ಗೇರ್ ಇಳಿಸಲಿ. ಎಂಜಿನ್ ಬೇಗ ಬೇಗ ತಿರುಗಿದಾಗ ಮೂಲೆಯ ಅನಿಲಕ್ಕೆ ತಾನಾಗಿ ಹೊತ್ತಿಕೊಳ್ಳುವಷ್ಟು ಸಮಯವೇ ಸಿಗುವುದಿಲ್ಲ.