ಕಾಲೇಜು ಬಿಟ್ಟ ಮಗ, ಉಳಿದ ಸಾಲ



ಬೀಜ, ಗೊಬ್ಬರಕ್ಕೆ ಮಾಡಿದ ಸಾಲವನ್ನು ನಾವು ಬೆರಳೆಣಿಸಿ ಹೇಳುತ್ತೇವೆ. ಮಗನ ಕಾಲೇಜಿಗೆಂದು ತಂದ ಸಾಲವನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹುಡುಗ ನಡುವೆ ಓದು ಬಿಟ್ಟು ಬಂದರೆ ಪದವಿಯೂ ಇಲ್ಲ, ಬಡ್ಡಿಯೂ ನಿಲ್ಲುವುದಿಲ್ಲ. ಮಾಗಳದಂಥ ಹೊಳೆದಂಡೆಯ ಊರುಗಳಿಂದ ಹಡಗಲಿಯ ಬಸ್ಸು ಹತ್ತುವ ಎಷ್ಟೋ ಮಕ್ಕಳು ತಮ್ಮ ಮನೆತನದಲ್ಲೇ ಮೊದಲು ಕಾಲೇಜು ಕಂಡವರು.

ಬಿಟ್ಟು ಬರುವವರೆಲ್ಲ ದಡ್ಡರೇನು? ಅಲ್ಲ. ಮೆಕ್ಕೆಜೋಳ ಮುರಿಯುವಾಗ ಹದಿನೈದು ದಿನ ಮನೆಯಲ್ಲಿ ನಿಲ್ಲಿಸಿಕೊಳ್ಳುವವರು ನಾವೇ. ಶೇಕಡ 75 ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ತೊಡಕೆಂದು ನಮಗೆ ಯಾರು ಹೇಳಿದ್ದಾರೆ? ಒಂದು ಪೇಪರು ಹೋದರೆ ಎಲ್ಲಾ ಮುಗೀತು ಅಂತ ಹುಡುಗ ಚೀಲ ಕಟ್ಟುತ್ತಾನೆ. ಶುಲ್ಕ ಕಟ್ಟಿ ಅದೊಂದನ್ನೇ ಮತ್ತೆ ಬರೆಯಬಹುದೆಂದು ಅವನಿಗೆ ತಿಳಿಯದು. 2021ರಲ್ಲಿ ಸರ್ಕಾರ ರೈತ ವಿದ್ಯಾನಿಧಿ ತಂದಾಗ ಬಿ.ಎ., ಬಿ.ಕಾಂ. ಓದುವ ಹುಡುಗನಿಗೆ ವರ್ಷಕ್ಕೆ 5000, ಹುಡುಗಿಗೆ 5500 ರೂಪಾಯಿ ಎಂದಿತು. ಅದಕ್ಕೆ ಜಮೀನು ಫ್ರೂಟ್ಸ್‌ನಲ್ಲಿ ನೋಂದಣಿಯಾಗಿರಬೇಕು, ಖಾತೆಗೆ ಆಧಾರ್ ಜೋಡಣೆಯಾಗಿರಬೇಕು. ನಮ್ಮ ಪಹಣಿಗಳೋ, ಇನ್ನೂ ತಾತನ ಹೆಸರಿನಲ್ಲಿವೆ!

ಇದನ್ನೆಲ್ಲ ಬಲ್ಲವನು ಊರಲ್ಲೇ ಇದ್ದಾನೆ: ಅದೇ ಕಾಲೇಜಿನಲ್ಲಿ ಮೂರನೇ ವರ್ಷ ಓದುವ ಹುಡುಗ. ಹೊಸಬರನ್ನು ಕಾಲೇಜಿಗೆ ಒಗ್ಗಿಸಬೇಕೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ 2019ರಲ್ಲಿ 'ದೀಕ್ಷಾರಂಭ' ಎಂಬ ಕೈಪಿಡಿ ಹೊರಡಿಸಿತು. ಒಳ್ಳೆಯದೇ. ಆದರೆ ಮೇಷ್ಟ್ರನ್ನು ಕೇಳಲು ಅಂಜುವ ಹುಡುಗ, ಒಂದೇ ಬಸ್ಸಿನಲ್ಲಿ ಬರುವ ಓಣಿಯ ಅಣ್ಣನನ್ನು ಕೇಳಲು ಅಂಜುವುದಿಲ್ಲ.

ಆದ್ದರಿಂದ ಪ್ರವೇಶದ ದಿನಗಳಲ್ಲೇ ಊರಿನ ಹಿರಿಯರು ಕಟ್ಟೆಯ ಮೇಲೆ ಕೂತು, ಹೊಸದಾಗಿ ಸೇರಿದ ಇಬ್ಬರಿಗೆ ಹಳಬನೊಬ್ಬನನ್ನು ಜೊತೆಮಾಡಲಿ. ಮೂರು ದಿನ ಕಾಲೇಜಿಗೆ ಬರದಿದ್ದರೆ ಅವನು ಮನೆಗೇ ಹೋಗಿ ವಿಚಾರಿಸಲಿ. ಹೆಣ್ಣುಮಕ್ಕಳಿಗೆ ಹೆಣ್ಣುಮಗಳೇ ಜೊತೆಯಿರಬೇಕು. 2023ರ ಜೂನ್‌ನಲ್ಲಿ ಸರ್ಕಾರಿ ಬಸ್ಸಿನ ಟಿಕೇಟು ಅವರಿಗೆ ಉಚಿತವಾಯಿತು. ಈಗ ಅಡ್ಡ ಬರುವುದು ಬಸ್‌ಚಾರ್ಜಲ್ಲ, ಎರಡನೇ ವರ್ಷಕ್ಕೇ ಎದ್ದು ನಿಲ್ಲುವ ಮದುವೆ ಮಾತು. ಓದು ಮುಗಿಸುತ್ತಿರುವ ಅಕ್ಕನೊಬ್ಬಳು ತಾಯಿಯ ಪಕ್ಕ ಕೂತು ಮಾತಾಡಿದರೆ ಅದರ ತೂಕವೇ ಬೇರೆ.

ಈ ಕೆಲಸ ಪುಕ್ಕಟೆ ಮಾಡಿಸಿಕೊಳ್ಳಬಾರದು. ಜೊತೆಗಾರನ ಪರೀಕ್ಷಾ ಶುಲ್ಕವನ್ನಾದರೂ ಊರು ಕಟ್ಟಲಿ. ಈರುಳ್ಳಿ ದರ ಬಿದ್ದು ಮನೆಯೇ ಕುಸಿದಾಗ ಯಾವ ಅಣ್ಣನ ಮಾತೂ ಸಾಲದು, ಅದಕ್ಕೆ ಬೇರೆಯೇ ಹೋರಾಟ ಬೇಕು. ಆದರೆ ಒಂದು ಅರ್ಜಿ ತಪ್ಪಿದ್ದಕ್ಕೆ, ಒಂದು ಪೇಪರು ಹೋದದ್ದಕ್ಕೆ ಮಗ ಮನೆ ಸೇರುವುದನ್ನಾದರೂ ನಾವೇ ತಡೆಯಬಹುದು. ಈ ಸಲ ಕೊಯ್ಲಿಗೆ ಆಳು ಗೊತ್ತುಮಾಡುವ ಮೊದಲು ಹುಡುಗನ ಹಾಜರಿ ಎಷ್ಟಿದೆ, ಕೇಳಿಕೊಳ್ಳಿ.