ಗದ್ದೆಯ ಮಣ್ಣು, ಅಡಿಕೆಯ ಬೇರು

ಇಂದು ಸಾಗರ, ಸೊರಬ, ಹೊಸನಗರ ತಾಲ್ಲೂಕುಗಳ ಹಳ್ಳಿಗಳಲ್ಲಿ ಭತ್ತ ನಿಲ್ಲುತ್ತಿದ್ದ ಗದ್ದೆಗಳಲ್ಲಿ ಅಡಿಕೆ ಸಸಿ ತಲೆಯೆತ್ತುತ್ತಿದೆ. ಭತ್ತ ಬೆಳೆದರೆ ಆಳಿನ ಕೂಲಿಯೂ ಹುಟ್ಟುವುದಿಲ್ಲ, ಅಡಿಕೆಯಾದರೆ ನಾಲ್ಕು ಕಾಸು ಕೈಯಲ್ಲಿ ನಿಲ್ಲುತ್ತದೆ ಎಂಬುದು ರೈತನ ಲೆಕ್ಕ. ಪಟ್ಟಣದಲ್ಲಿ ಕುಳಿತು ಅದನ್ನು ದುರಾಸೆಯೆಂದು ಜರೆಯುವವರಿದ್ದಾರೆ. ನಾವು ಹಾಗೆ ಜರೆಯುವವರಲ್ಲ. ಹೊಟ್ಟೆಗೂ ಬಟ್ಟೆಗೂ ಸಾಲದ ಬೆಳೆಯನ್ನು ಬಿಟ್ಟು ಬೇರೆ ಬೆಳೆಯನ್ನು ಹುಡುಕುವುದು ದುಡಿಯುವವನ ಹಕ್ಕು. ಆದರೆ ಒಂದು ಪ್ರಶ್ನೆಯನ್ನು ಕೇಳದೆ ಇರಲಾಗದು. ಅಡಿಕೆ ನೆಡುವ ಜಾಗವನ್ನು ಆರಿಸುತ್ತಿರುವುದು ಮಣ್ಣೋ ಅಥವಾ ಮಂಡಿಯ ಧಾರಣೆಯೋ?

ಅಡಿಕೆಗೆ ನೀರು ಬೇಕು, ಆದರೆ ನಿಂತ ನೀರು ಆಗದು. ಜಂಬಿಟ್ಟಿಗೆಯ ಹರಳು ಬೆರೆತ ಕೆಂಪು ಮಣ್ಣು, ಆರು ಅಡಿಗೆ ಕಡಿಮೆಯಿಲ್ಲದ ಆಳ, ಬಿದ್ದ ಮಳೆ ಬಸಿದುಹೋಗುವ ಇಳಿಜಾರು, ಬೇಸಿಗೆಯಲ್ಲಿ ತಪ್ಪದ ನೀರಾವರಿ, ನೈಋತ್ಯದ ಸುಡುಬಿಸಿಲಿಗೆ ಮರೆ, ಇವಿಷ್ಟಿದ್ದರೆ ಮರ ನಾಲ್ಕೈದು ದಶಕ ಫಲ ಕೊಡುತ್ತದೆ. ಅಂಟು ಜೇಡಿ, ಬರೀ ಮರಳು, ಸವುಳು ಮತ್ತು ಸುಣ್ಣದ ಅಂಶ ಹೆಚ್ಚಿರುವ ನೆಲ ಇದಕ್ಕೆ ಹೊಂದುವುದಿಲ್ಲ. ಇದು ಹೊಸ ಮಾತೇನಲ್ಲ. ೧೯೫೬ರಲ್ಲಿ ವಿಟ್ಲದಲ್ಲಿ ಅಡಿಕೆ ಸಂಶೋಧನಾ ಕೇಂದ್ರ ಆರಂಭವಾಯಿತು. ಅದಕ್ಕೂ ಮೊದಲೇ ನಮ್ಮ ಹಿರಿಯರಿಗೆ ಇದು ಅನುಭವದಿಂದ ತಿಳಿದಿತ್ತು.

ಗದ್ದೆಯ ಗುಣ ಇದಕ್ಕೆ ತೀರಾ ವಿರುದ್ಧ. ನೀರು ನಿಲ್ಲಲೆಂದೇ ಬದು ಕಟ್ಟಿ, ತಲೆಮಾರುಗಳಿಂದ ಕೆಸರು ಕಲಸಿ, ಉತ್ತ ಪದರದ ಕೆಳಗೆ ಗಟ್ಟಿ ತಳ ಕೂತ ನೆಲ ಅದು. ಭತ್ತಕ್ಕೆ ವರವಾದ ಆ ತಳವೇ ಅಡಿಕೆಯ ಬೇರಿಗೆ ಶಾಪ. ಮಳೆಗಾಲವೆಲ್ಲ ಬೇರು ನೀರಿನಲ್ಲಿ ಉಸಿರುಗಟ್ಟಿದರೆ ಮರ ಸೊರಗುತ್ತದೆ, ಎಲೆ ಹಳದಿಯಾಗುತ್ತದೆ. ಹಳೆಯ ತೋಟಗಳೂ ಕಣಿವೆಯಲ್ಲೇ ಇವೆಯಲ್ಲ ಎಂದು ಕೆಲವರು ವಾದಿಸಬಹುದು. ನಿಜ. ಆದರೆ ಆ ಕಣಿವೆಗಳಿಗೆ ಇಳಿಜಾರಿದೆ. ವರ್ಷ ವರ್ಷ ಕೆರೆದು ಸರಿಪಡಿಸಿದ ಬಸಿಗಾಲುವೆಗಳಿವೆ. ಸುತ್ತ ಮರಗಳ ನೆರಳಿದೆ. ಗೊಬ್ಬರಕ್ಕೆ ಸೊಪ್ಪಿನ ಬೆಟ್ಟದ ಸೌಲಭ್ಯವಿದೆ. ಗದ್ದೆಯನ್ನು ತೋಟ ಮಾಡಹೊರಟ ಸಣ್ಣ ರೈತನಿಗೆ ಬೆಟ್ಟವೆಲ್ಲಿದೆ, ನೆರಳೆಲ್ಲಿದೆ?

ತಪ್ಪು ಜಾಗದ ಬೆಲೆಯನ್ನು ತೆರುವವನು ಯಾರು ಎಂಬುದೇ ಇಲ್ಲಿ ಮುಖ್ಯ. ಭತ್ತದಲ್ಲಿ ತಪ್ಪಿದರೆ ಮುಂದಿನ ಮಳೆಗೆ ತಿದ್ದಿಕೊಳ್ಳಬಹುದು. ಅಡಿಕೆ ಫಸಲಿಗೆ ಬರಲು ಐದರಿಂದ ಏಳು ವರ್ಷ ಬೇಕು. ಅಷ್ಟು ಕಾಲ ಗೊಬ್ಬರ, ಔಷಧಿ, ಕೂಲಿ ಎಂದು ಸುರಿದ ಮೇಲೆ ಜಾಗ ಸರಿಯಿಲ್ಲವೆಂದು ತಿಳಿದರೆ ಪ್ರಯೋಜನವೇನು? ನೂರು ಎಕರೆಯ ಸಾಹುಕಾರ ಐದು ಎಕರೆ ಕಳೆದುಕೊಂಡರೆ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲು ಹೆಚ್ಚುತ್ತದೆ. ಒಂದೂವರೆ ಎಕರೆಯವನು ಕಳೆದುಕೊಂಡರೆ ಮನೆಯ ಅನ್ನವೂ ಹೋಗುತ್ತದೆ, ಸಾಲವೂ ಉಳಿಯುತ್ತದೆ.

ಮತ್ತು ಆ ಒಂದೂವರೆ ಎಕರೆ ಸುಮ್ಮನೆ ಬಂದದ್ದಲ್ಲ. ೧೯೫೧ರಲ್ಲಿ ಕಾಗೋಡಿನ ಗೇಣಿದಾರರು ಅಳತೆಯ ಕೊಳಗದ ಅನ್ಯಾಯದ ವಿರುದ್ಧ ಸತ್ಯಾಗ್ರಹ ಹೂಡಿ ಜೈಲು ಸೇರಿದರು. ೧೯೭೪ರ ಭೂಸುಧಾರಣಾ ತಿದ್ದುಪಡಿಯಿಂದ ಅಸಂಖ್ಯಾತ ಗೇಣಿದಾರರು ತಾವು ಉಳುತ್ತಿದ್ದ ಗದ್ದೆಗೆ ಒಡೆಯರಾದರು. ಧಣಿಯ ಕೈಯಿಂದ ಹೋರಾಡಿ ಬಿಡಿಸಿಕೊಂಡ ನೆಲ ಇಂದು ಬ್ಯಾಂಕಿನ ಕೈಗೆ ಹೋಗುವಂತಾದರೆ ಆ ಹೋರಾಟಕ್ಕೆ ಅರ್ಥವೇನು ಉಳಿಯಿತು?

ಇನ್ನೊಂದು ಸಂಗತಿಯಿದೆ. ಗದ್ದೆ ಬಯಲಿನಲ್ಲಿ ಒಬ್ಬನ ತೀರ್ಮಾನ ಒಬ್ಬನದಾಗಿ ಉಳಿಯುವುದಿಲ್ಲ. ಮೇಲಿನವನು ತೆಗೆದ ಬಸಿಗಾಲುವೆಯ ನೀರು ಕೆಳಗಿನವನ ಗದ್ದೆಗೆ ನುಗ್ಗುತ್ತದೆ. ಪಕ್ಕದವನ ಮರದ ನೆರಳು ಭತ್ತದ ತೆನೆಯ ಮೇಲೆ ಬೀಳುತ್ತದೆ. ನಡುವಿನ ನಾಲ್ಕು ಜನ ಅಡಿಕೆ ಹಾಕಿದರೆ ಉಳಿದವರೂ ಇಷ್ಟವಿರಲಿ ಇಲ್ಲದಿರಲಿ ಹಾಕಲೇಬೇಕಾಗುತ್ತದೆ. ಇದನ್ನು ಸ್ವಂತ ಆಯ್ಕೆ ಎಂದು ಹೇಗೆ ಕರೆಯೋಣ?

ಬಯಲುಸೀಮೆಯಲ್ಲಿ ಸಮಸ್ಯೆಯ ಮುಖ ಬೇರೆ. ಅಲ್ಲಿ ಹೆಚ್ಚಿದ ನೀರಿನದಲ್ಲ, ಇಲ್ಲದ ನೀರಿನ ಚಿಂತೆ. ೯ ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು ೫೪೦ ಮರ. ಹನಿ ನೀರಾವರಿಯಲ್ಲೇ ಬೇಸಿಗೆಯಲ್ಲಿ ಮರಕ್ಕೆ ದಿನಕ್ಕೆ ೧೬ರಿಂದ ೨೦ ಲೀಟರ್ ಬೇಕು. ಅಂದರೆ ಎಕರೆಗೆ ದಿನವೂ ೧೦,೦೦೦ ಲೀಟರಿನಷ್ಟು. ಕೊಳವೆಬಾವಿಯನ್ನೇ ನಂಬಿದ ಊರಿನಲ್ಲಿ ಹೆಚ್ಚು ಆಳ ಕೊರೆಸಬಲ್ಲವನು ನೀರು ಎಳೆಯುತ್ತಾನೆ. ಬಡವನ ಬಾವಿ ಬತ್ತುತ್ತದೆ. ಮಣ್ಣು ಒಪ್ಪಿದರೂ ನೀರಿನ ಲೆಕ್ಕ ಒಪ್ಪದಿದ್ದರೆ ಅದು ಅಡಿಕೆಯ ಜಾಗವಲ್ಲ.

ಸರ್ಕಾರ ಏನು ಮಾಡುತ್ತಿದೆ? ೨೦೧೫ರಿಂದ ಮಣ್ಣು ಆರೋಗ್ಯ ಚೀಟಿ ಕೊಡಲಾಗುತ್ತಿದೆ. ಒಳ್ಳೆಯದೇ. ಆದರೆ ಅದು ಮಣ್ಣಿನ ಹುಳಿ, ಸಾರಜನಕ, ರಂಜಕ, ಪೊಟ್ಯಾಷ್ ಮುಂತಾದವನ್ನು ಹೇಳುತ್ತದೆಯೇ ಹೊರತು ಮೂರಡಿ ಕೆಳಗೆ ನೀರು ನಿಂತಿದೆಯೇ, ತಳ ಗಟ್ಟಿಯಿದೆಯೇ ಎಂಬುದನ್ನು ಹೇಳುವುದಿಲ್ಲ. ಮರದ ಆಯುಷ್ಯವನ್ನು ನಿರ್ಧರಿಸುವ ಸಂಗತಿಯೇ ಕಾಗದದಲ್ಲಿಲ್ಲ.

ಆದ್ದರಿಂದ ನಮ್ಮ ಒತ್ತಾಯ ಮೂರು. ಮೊದಲನೆಯದು, ಸಸಿ ಹಂಚುವ, ಸಾಲ ಕೊಡುವ ಮುನ್ನ ತೋಟಗಾರಿಕೆ ಇಲಾಖೆಯವರು ಮಳೆಗಾಲದಲ್ಲಿ ಜಾಗಕ್ಕೆ ಬಂದು ಗುಂಡಿ ತೆಗೆಸಿ ನೋಡಲಿ. ನೀರು ಇಳಿಯದೆ ನಿಂತರೆ ಬೇಡವೆಂದು ಬಾಯಿಬಿಟ್ಟು ಹೇಳಲಿ. ಎರಡನೆಯದು, ಈಗಾಗಲೇ ಅಡಿಕೆ ಹಾಕಿರುವ ಗದ್ದೆ ಬಯಲುಗಳಲ್ಲಿ ತಲೆಯಿಂದ ಹಳ್ಳದವರೆಗೆ ಸಾಮೂಹಿಕ ಬಸಿಗಾಲುವೆಯನ್ನು ಸರ್ಕಾರದ ವೆಚ್ಚದಲ್ಲೇ ತೋಡಲಿ. ಗಿಡದ ಗುಂಡಿಗಿಂತ ಒಂದಡಿಯಾದರೂ ಆಳವಿಲ್ಲದ ಕಾಲುವೆ ಕಾಲುವೆಯೇ ಅಲ್ಲ. ಇದನ್ನು ಒಬ್ಬೊಬ್ಬನೇ ಮಾಡಲಾರ. ಗ್ರಾಮಸಭೆಯಲ್ಲಿ ಕೂತು ತೀರ್ಮಾನಿಸಬೇಕಾದ ಕೆಲಸವಿದು. ಮೂರನೆಯದು, ಭತ್ತದ ಖರೀದಿ ಕೇಂದ್ರ ಒಕ್ಕಲಾಟದ ಹೊತ್ತಿಗೇ ತೆರೆಯಲಿ. ಭತ್ತ ದಲ್ಲಾಳಿಯ ಪಾಲಾದ ಮೇಲೆ ಬಾಗಿಲು ತೆಗೆದು ಫಲವಿಲ್ಲ.

ಈ ಮೂರನೆಯದೇ ಎಲ್ಲಕ್ಕೂ ಬುಡ. ಭತ್ತಕ್ಕೆ ನ್ಯಾಯವಾದ ಬೆಲೆ ಸಿಕ್ಕರೆ ಭತ್ತದ ಮಣ್ಣಿನಲ್ಲಿ ಭತ್ತವೇ ಉಳಿಯುತ್ತದೆ, ಅಡಿಕೆಯ ಮಣ್ಣಿನಲ್ಲಿ ಅಡಿಕೆ ಬೆಳೆಯುತ್ತದೆ. ಅಲ್ಲಿಯವರೆಗೆ ಮಣ್ಣು ನೋಡಿ ಮರ ನೆಡಿ ಎಂದು ಬಡ ರೈತನಿಗೆ ಬುದ್ಧಿ ಹೇಳುವುದು ಅವನಿಗೆ ಮಾಡುವ ಅಪಮಾನ. ಮಣ್ಣನ್ನು ಅವನು ಬಲ್ಲ. ಮಣ್ಣಿನ ಮಾತನ್ನು ಕೇಳಿ ಬದುಕುವ ಅವಕಾಶ ಅವನಿಗೆ ದೊರೆಯಬೇಕು.